ಚರ್ಚ್ ರಾಜಕೀಯ ಮಾತಾಡಬಹುದೇ? ಅಮೆರಿಕದ ಹೊಸ ಗೊಂದಲದ ಒಳಹೊರಗು

2025ರ ಜುಲೈ 7ರಂದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಟೆಕ್ಸಸ್‌ನ ಫೆಡರಲ್ ಕೋರ್ಟಿಗೆ ಒಂದು ಜಂಟಿ ಅರ್ಜಿ ಸಲ್ಲಿಸಿತು. ಯಾರ ಜೊತೆ ಜಂಟಿ? ತನ್ನ ಮೇಲೇ ಕೇಸು ಹಾಕಿದ್ದವರ ಜೊತೆ. ಆರಾಧನೆಯ ಹೊತ್ತಿನಲ್ಲಿ ಪಾಸ್ಟರ್ ತನ್ನ ಸಭೆಯವರಿಗೆ, ಅಂದರೆ ಆ ಚರ್ಚ್‌ಗೆ ಬರುವ ಭಕ್ತರಿಗೆ, ಇಂಥ ಅಭ್ಯರ್ಥಿಗೆ ವೋಟು ಹಾಕಿ ಅಂತ ಹೇಳಿದರೆ ಅದು ತೆರಿಗೆ ಕಾನೂನನ್ನು ಮುರಿದ ಹಾಗಲ್ಲ ಎಂಬುದು ಆ ಅರ್ಜಿಯ ತಿರುಳು.

ಇನ್ನು ಮೇಲೆ ಚರ್ಚ್‌ಗಳು ರಾಜಕೀಯ ಮಾಡಬಹುದಂತೆ ಎಂಬ ಸುದ್ದಿ ಹಬ್ಬಿತು. ಓದಿದ ಹಲವರಿಗೆ ತಲೆ ಕೆರೆದುಕೊಳ್ಳುವ ಹಾಗಾಯಿತು. ಇಷ್ಟು ದಿನ ಮಾಡುತ್ತಿರಲಿಲ್ಲವೇ? ಮಾರ್ಟಿನ್ ಲೂಥರ್ ಕಿಂಗ್ ಪಾಸ್ಟರ್ ಅಲ್ವಾ? ಗರ್ಭಪಾತ, ವಲಸೆ, ಯುದ್ಧ ಅಂತ ಅಮೆರಿಕದ ಚರ್ಚ್‌ಗಳು ಬೀದಿಗಿಳಿದಿದ್ದನ್ನು ನಾವೆಲ್ಲ ನೋಡಿಲ್ಲವೇ?

ಈ ಗೊಂದಲಕ್ಕೆ ಕಾರಣ ಇದೆ. ಎರಡು ಬೇರೆ ಬೇರೆ ಕೆಲಸಗಳನ್ನು ಸುದ್ದಿ ಒಂದೇ ಚೀಲಕ್ಕೆ ತುಂಬಿತು. ಒಂದು ವಿಷಯದ ಪರವಾಗಿ ಸಭೆ ದನಿ ಎತ್ತುವುದು ಬೇರೆ. ಒಬ್ಬ ಅಭ್ಯರ್ಥಿಯ ಪರವಾಗಿ ವೋಟು ಕೇಳುವುದು ಬೇರೆ. ಮೊದಲನೆಯದಕ್ಕೆ ಅಲ್ಲಿ ಯಾವತ್ತೂ ಪೂರ್ತಿ ತಡೆ ಇರಲಿಲ್ಲ. ತಡೆ ಇದ್ದದ್ದು ಎರಡನೆಯದಕ್ಕೆ. ಆ ತಡೆ ಸಡಿಲವಾದರೆ ಮೊದಲನೆಯದಕ್ಕೇ ಏಟು ಬೀಳಬಹುದು ಎನ್ನುವುದು ಈ ಲೇಖನದ ವಾದ.

ಅರ್ಜಿಯಲ್ಲಿ ಇರುವುದೇನು

ಕೇಸು ಶುರುವಾದದ್ದು 2024ರ ಆಗಸ್ಟ್‌ನಲ್ಲಿ. ಕ್ರೈಸ್ತ ಪ್ರಸಾರಕರ ಸಂಘಟನೆಯಾದ ನ್ಯಾಷನಲ್ ರಿಲಿಜಿಯಸ್ ಬ್ರಾಡ್‌ಕಾಸ್ಟರ್ಸ್, ಟೆಕ್ಸಸ್‌ನ ಎರಡು ಚರ್ಚ್‌ಗಳು ಮತ್ತು ಇನ್ನೊಂದು ಸಂಸ್ಥೆ ಸೇರಿ ಐಆರ್‌ಎಸ್ ಮೇಲೆ ದಾವೆ ಹೂಡಿದವು. ತೆರಿಗೆ ವಿನಾಯಿತಿ ಇರುವ ದತ್ತಿ ಸಂಸ್ಥೆಗಳು ಅಭ್ಯರ್ಥಿಗಳ ಪರ, ವಿರುದ್ಧ ಪ್ರಚಾರ ಮಾಡಬಾರದು ಅನ್ನುವ, ಜಾನ್ಸನ್ ತಿದ್ದುಪಡಿ ಎಂಬ ಹಳೆಯ ನಿಯಮ ನಮ್ಮ ವಾಕ್ ಸ್ವಾತಂತ್ರ್ಯವನ್ನೂ ಧಾರ್ಮಿಕ ಸ್ವಾತಂತ್ರ್ಯವನ್ನೂ ಕಸಿಯುತ್ತದೆ ಎಂಬುದು ಅವರ ದೂರು. ಆಗ ಬೈಡನ್ ಸರ್ಕಾರ ಇತ್ತು. 2025ರ ಜನವರಿಯಲ್ಲಿ ಸರ್ಕಾರ ಬದಲಾಯಿತು. ಇಲಾಖೆಯ ನಿಲುವೂ ಬದಲಾಯಿತು. ಎರಡೂ ಕಡೆಯವರು ರಾಜಿಗೆ ಬಂದರು.

ರಾಜಿಯ ಮಾತುಗಳು ಎಚ್ಚರಿಕೆಯವು. ಧಾರ್ಮಿಕ ಸೇವೆಗೆ ಸಂಬಂಧಿಸಿದಂತೆ, ನಂಬಿಕೆಯ ವಿಚಾರಗಳನ್ನು ತಿಳಿಸುವ ಎಂದಿನ ದಾರಿಯಲ್ಲೇ, ಚರ್ಚ್ ತನ್ನ ಸಭೆಗೆ ಹೇಳಿದ ಮಾತು ಚುನಾವಣೆಯಲ್ಲಿ ಕೈ ಹಾಕಿದ ಹಾಗಲ್ಲ ಎಂದು ಅರ್ಜಿ ಹೇಳುತ್ತದೆ. ಅದನ್ನು ಅಭ್ಯರ್ಥಿಗಳ ಬಗ್ಗೆ ಮನೆಯವರು ಕೂತು ಮಾತಾಡುವುದಕ್ಕೆ ಹೋಲಿಸುತ್ತದೆ.

ಇಲ್ಲಿ ಎರಡು ಸಂಗತಿ ಗಮನಿಸಬೇಕು. ಕೋರ್ಟ್ ಒಪ್ಪಿದರೂ ಇಂಥ ರಾಜಿ ತೀರ್ಪು ಕಟ್ಟಿಹಾಕುವುದು ಕೇಸಿನಲ್ಲಿ ಇರುವವರನ್ನು ಮಾತ್ರ. ದೇಶದ ಉಳಿದ ಚರ್ಚ್‌ಗಳಿಗೆ ಅದು ಇಲಾಖೆಯ ಮನಸ್ಸು ಹೇಗಿದೆ ಎಂಬ ಸುಳಿವು, ಅಷ್ಟೇ. ಎರಡನೆಯದು, ಆ ಅರ್ಜಿಯಿಂದ ಕಾನೂನಿನ ಒಂದಕ್ಷರವೂ ಅಳಿಸಿಹೋಗಿಲ್ಲ. ಅದನ್ನು ಅಳಿಸುವ ಅಧಿಕಾರ ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ಗೆ ಮಾತ್ರ ಇದೆ. 2017ರಲ್ಲಿ ತೆರಿಗೆ ಮಸೂದೆಯ ಜೊತೆ ಇದನ್ನೂ ಸೇರಿಸಿ ರದ್ದು ಮಾಡಲು ನೋಡಿದ್ದರು. ಬಜೆಟ್ ಮಸೂದೆಗೆ ಇದು ಸೇರುವುದಿಲ್ಲ ಅಂತ ಸೆನೆಟ್‌ನ ನಿಯಮಗಳು ಅಡ್ಡ ಬಂದವು. ಅದೇ ವರ್ಷ ಮೇ 4ರಂದು ಟ್ರಂಪ್ ಒಂದು ಕಾರ್ಯಾದೇಶಕ್ಕೆ ಸಹಿ ಹಾಕಿದರು. ಸದ್ದು ಜೋರಾಯಿತು, ಕಾನೂನು ಇದ್ದಲ್ಲೇ ಇತ್ತು.

1954ರಲ್ಲಿ ಸೇರಿದ ಒಂದು ಸಾಲು

ಚರ್ಚ್‌ಗಳ ಬಾಯಿ ಮುಚ್ಚಿಸಲು ಮಾಡಿದ ಕಾನೂನು ಇದು ಅಂತ ಅದರ ವಿರೋಧಿಗಳು ಹೇಳುವುದುಂಟು. ಇತಿಹಾಸ ಅಷ್ಟು ಸರಳವಾಗಿಲ್ಲ. 1954ರಲ್ಲಿ ಟೆಕ್ಸಸ್‌ನ ಸೆನೆಟರ್ ಲಿಂಡನ್ ಜಾನ್ಸನ್ ಮರುಚುನಾವಣೆಗೆ ನಿಂತಿದ್ದರು. ಕಮ್ಯುನಿಸ್ಟ್ ವಿರೋಧಿ ಗುಂಪುಗಳು ಅವರ ವಿರುದ್ಧ ಪ್ರಚಾರಕ್ಕಿಳಿದಿದ್ದವು. ಅವುಗಳಲ್ಲಿ ಕೆಲವಕ್ಕೆ ದತ್ತಿ ಸಂಸ್ಥೆಗಳೆಂಬ ಹೆಸರಿನಲ್ಲಿ ತೆರಿಗೆ ವಿನಾಯಿತಿಯೂ ಇತ್ತು. ಜುಲೈ 2ರಂದು ಒಂದು ದೊಡ್ಡ ತೆರಿಗೆ ಮಸೂದೆ ಸದನದಲ್ಲಿದ್ದಾಗ ಜಾನ್ಸನ್ ಎದ್ದು ನಿಂತು ಒಂದು ಸಾಲು ಸೇರಿಸಿ ಅಂದರು. ಯಾರೂ ಚರ್ಚಿಸಲಿಲ್ಲ. ಸಾಲು ಸೇರಿತು. ಚರ್ಚ್‌ಗಳೂ ದತ್ತಿ ಸಂಸ್ಥೆಗಳ ಪಟ್ಟಿಯಲ್ಲೇ ಇದ್ದುದರಿಂದ ಅವಕ್ಕೂ ಅದು ಅನ್ವಯಿಸಿತು.

ಆ ಪಟ್ಟಿ ಇರುವುದು ತೆರಿಗೆ ಸಂಹಿತೆಯ 501(ಸಿ)(3) ಎಂಬ ಸೆಕ್ಷನ್‌ನಲ್ಲಿ. ಆಸ್ಪತ್ರೆ, ವಿಶ್ವವಿದ್ಯಾಲಯ, ಅನಾಥಾಶ್ರಮ, ಚರ್ಚ್, ಮಸೀದಿ, ದೇವಸ್ಥಾನ ಎಲ್ಲವೂ ಅದರಲ್ಲಿ ಬರುತ್ತವೆ. ಲಾಭ ಎರಡು. ಸಂಸ್ಥೆ ತನ್ನ ಆದಾಯಕ್ಕೆ ತೆರಿಗೆ ಕಟ್ಟಬೇಕಿಲ್ಲ. ದಾನ ಕೊಟ್ಟವರು ಕೊಟ್ಟದ್ದನ್ನು ತೆರಿಗೆ ಬೀಳುವ ತಮ್ಮ ಆದಾಯದಿಂದ ಕಳೆದು ತೆರಿಗೆ ರಿಯಾಯಿತಿ ಪಡೆಯಬಹುದು. ಈ ಲಾಭಕ್ಕೆ ಪ್ರತಿಯಾಗಿ ಯಾವ ಅಭ್ಯರ್ಥಿಯ ಪರವಾಗಿಯೂ ವಿರುದ್ಧವಾಗಿಯೂ ಪ್ರಚಾರ ಮಾಡಬಾರದು ಎಂಬ ಷರತ್ತು. ಮುರಿದರೆ ಜೈಲಿಲ್ಲ. ಮುಖ್ಯವಾಗಿ ಕಳೆದುಕೊಳ್ಳುವುದು ಈ ವಿನಾಯಿತಿಯನ್ನು.

ಹಾಗಾಗಿ ಇದು ಮಾತಿನ ಮೇಲಿನ ನಿಷೇಧವೋ, ಒಂದು ಸವಲತ್ತಿನ ಷರತ್ತೋ ಎಂಬಲ್ಲೇ ಜಗಳದ ಬೇರಿದೆ.

ಎರಡು ಗೆರೆ, ಒಂದು ಬಯಲು

ಅಭ್ಯರ್ಥಿಯ ವಿಷಯದಲ್ಲಿ ಗೆರೆ ಗಟ್ಟಿ. ಸ್ವಲ್ಪವೂ ಸಲ್ಲದು. ಕಾನೂನು ಮಾಡಿಸುವ, ಬದಲಿಸುವ ಕೆಲಸಕ್ಕೆ, ಅಂದರೆ ಲಾಬಿಗೆ, ಗೆರೆ ಮೆದು. 1934ರಿಂದ ಇರುವ ಆ ನಿಯಮದ ಪ್ರಕಾರ ಲಾಬಿ ಮಾಡಬಹುದು, ಆದರೆ ಅದು ಸಂಸ್ಥೆಯ ಕೆಲಸದ ಗಣನೀಯ ಭಾಗ ಆಗಬಾರದು. ಎಷ್ಟಾದರೆ ಗಣನೀಯ ಅಂತ ಕಾನೂನು ಚರ್ಚ್‌ಗಳಿಗೆ ಒಂದು ಅಂಕಿ ಕೊಟ್ಟಿಲ್ಲ.

ಇವೆರಡರ ಆಚೆ ಇರುವುದು ದೊಡ್ಡ ಬಯಲು. ಬಡತನದ ಬಗ್ಗೆ ಪ್ರಸಂಗ (ಆರಾಧನೆಯಲ್ಲಿ ಪಾಸ್ಟರ್ ಮಾಡುವ ಬೋಧನೆ), ಯುದ್ಧದ ವಿರುದ್ಧ ಮೆರವಣಿಗೆ, ಮತದಾರರ ನೋಂದಣಿ, ಎಲ್ಲ ಅಭ್ಯರ್ಥಿಗಳನ್ನೂ ಕರೆದು ಮಾಡುವ ಚರ್ಚೆ. ಇವಕ್ಕೆ ಅಭ್ಯರ್ಥಿಯ ನಿಯಮ ಅಡ್ಡ ಬರುವುದಿಲ್ಲ. 2025ರ ಜನವರಿ 21ರಂದು ವಾಷಿಂಗ್ಟನ್ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಬಿಷಪ್ ಮೇರಿಯನ್ ಬುಡ್ಡೆ ಎದುರಿಗೇ ಕೂತಿದ್ದ ಅಧ್ಯಕ್ಷ ಟ್ರಂಪ್ ಅವರನ್ನು ಉದ್ದೇಶಿಸಿ, ಹೆದರಿಕೊಂಡಿರುವ ವಲಸಿಗರಿಗೂ ಸಲಿಂಗಿ ಮಕ್ಕಳಿಗೂ ಕರುಣೆ ತೋರಿ ಅಂತ ಕೇಳಿಕೊಂಡರು. ಅಧ್ಯಕ್ಷರಿಗೆ ಸಿಟ್ಟು ಬಂತು. ತೆರಿಗೆ ಕಾನೂನಿಗೆ ಏನೂ ಆಗಲಿಲ್ಲ. ಅದು ಚುನಾವಣೆಯ ಮಾತಲ್ಲ, ಆಳುವವರಿಗೆ ಹೇಳಿದ ಮಾತು.

ಗೆರೆ ಎಲ್ಲಿ ಬೀಳುತ್ತದೆ ಅಂತ ತಿಳಿಸಲು 2007ರಲ್ಲಿ ಐಆರ್‌ಎಸ್ 21 ಉದಾಹರಣೆಗಳ ಒಂದು ವಿವರಣೆ ಹೊರಡಿಸಿತ್ತು. ಒಂದು ತಮಾಷೆಯಾಗಿದೆ. ಒಬ್ಬ ಪಾಸ್ಟರ್ ಚರ್ಚ್‌ನ ಪತ್ರಿಕೆಯಲ್ಲಿ ‘ನನ್ನ ಅನಿಸಿಕೆ’ ಅನ್ನುವಂಥ ಅಂಕಣ ಬರೆಯುತ್ತಾರೆ. ಇಂಥವರು ಮತ್ತೆ ಗೆಲ್ಲಬೇಕು ಎಂಬುದು ನನ್ನ ವೈಯಕ್ತಿಕ ಅಭಿಪ್ರಾಯ ಅನ್ನುತ್ತಾರೆ. ಆ ಅಂಕಣದ ಖರ್ಚನ್ನು ಜೇಬಿನಿಂದಲೇ ಕೊಡುತ್ತಾರೆ. ಆದರೂ ತಪ್ಪು, ಯಾಕೆಂದರೆ ಪತ್ರಿಕೆ ಚರ್ಚ್‌ನದು. ಅದೇ ಮಾತನ್ನು ಚರ್ಚ್‌ನ ಹೊರಗೆ, ತನ್ನ ಸ್ವಂತ ಹೆಸರಿನಲ್ಲಿ ಹೇಳಿದರೆ ತಕರಾರಿಲ್ಲ. ಹೊಸ ಅರ್ಜಿಯನ್ನು ಇದರ ಪಕ್ಕ ಇಟ್ಟು ನೋಡಿ. ಚರ್ಚ್ ಪತ್ರಿಕೆ ಸಭೆಗೆ ವಿಷಯ ತಿಳಿಸುವ ಎಂದಿನ ದಾರಿ ಅಲ್ಲದೆ ಮತ್ತೇನು? ನಿನ್ನೆಯ ತಪ್ಪು ಇವತ್ತಿನ ಸರಿ ಆಗುವುದು ಹೀಗೆ.

ಸಭೆ ದನಿ ಎತ್ತುವ ಬಗೆ

ನಂಬಿಕೆ ಮತ್ತು ಸಾರ್ವಜನಿಕ ಕೆಲಸ ಬೇರೆಯಲ್ಲ ಅನ್ನುವ ಸಭೆಗಳು ಬೈಬಲ್‌ನ ಕೆಲವು ಜಾಗಗಳಿಗೆ ಮತ್ತೆ ಮತ್ತೆ ಹೋಗುತ್ತವೆ. ಬಾಯಿಲ್ಲದವರ ಪರವಾಗಿ ಬಾಯಿ ತೆರೆ ಅನ್ನುವ ಜ್ಞಾನೋಕ್ತಿಗಳ 31ನೇ ಅಧ್ಯಾಯ. ಸೆರೆಯಾಗಿ ಹೋದ ಊರಿನ ಹಿತವನ್ನೂ ಬಯಸಿ ಅನ್ನುವ ಯೆರೆಮೀಯನ ಪತ್ರ. ಸಾಲಕ್ಕೆ ಹೊಲ, ಮಕ್ಕಳನ್ನು ಒತ್ತೆ ಇಟ್ಟ ಜನರ ಗೋಳು ಕೇಳಿ, ಬಡ್ಡಿ ವಸೂಲಿ ಮಾಡುತ್ತಿದ್ದ ಶ್ರೀಮಂತರನ್ನು ತುಂಬಿದ ಸಭೆಯಲ್ಲಿ ಕರೆದು ಕೇಳಿದ ನೆಹೆಮೀಯನ ಕಥೆ. ಬಡವನಿಗೆ ಊಟ ಕೊಡುವುದು ಒಂದು ಕೆಲಸ. ಅವನು ಯಾಕೆ ಹಸಿದಿದ್ದಾನೆ ಅಂತ ಕೇಳುವುದು ಇನ್ನೊಂದು. ಎರಡನೆಯದಕ್ಕೆ ಹೊರಟ ಕೂಡಲೇ ಕಾನೂನು, ಬಜೆಟ್, ಅಧಿಕಾರಿ ಎಲ್ಲ ಎದುರಾಗುತ್ತಾರೆ.

ಇದು ಹೊಸ ರೂಢಿ ಅಲ್ಲ. 1790ರ ಫೆಬ್ರವರಿಯಲ್ಲಿ, ಅಮೆರಿಕದ ಮೊಟ್ಟಮೊದಲ ಕಾಂಗ್ರೆಸ್ ಇನ್ನೂ ಕೂತಿದ್ದಾಗಲೇ, ಶಾಂತಿವಾದಿ ಕ್ರೈಸ್ತ ಪಂಥವಾದ ಕ್ವೇಕರ್ ಸಭೆಗಳು ಗುಲಾಮರ ವ್ಯಾಪಾರದ ವಿರುದ್ಧ ಮನವಿ ಸಲ್ಲಿಸಿದವು. ದಕ್ಷಿಣದ ಸದಸ್ಯರು ಅವರನ್ನು ಹೀಯಾಳಿಸಿದರು. ರಾಜ್ಯಗಳೊಳಗಿನ ಗುಲಾಮಗಿರಿಯಲ್ಲಿ ಕೈ ಹಾಕುವ ಅಧಿಕಾರ ನಮಗಿಲ್ಲ ಅಂತ ಸದನ ಕೈತೊಳೆದುಕೊಂಡಿತು. ಕ್ವೇಕರರು ಮನವಿ ಕೊಡುವುದನ್ನು ಬಿಡಲಿಲ್ಲ. 1943ರಲ್ಲಿ ಅವರೇ ವಾಷಿಂಗ್ಟನ್‌ನಲ್ಲಿ ಕಾನೂನು ರಚನೆಯ ಮೇಲೆ ಕಣ್ಣಿಡಲು ತಮ್ಮದೇ ಸಮಿತಿಯೊಂದನ್ನು ಸ್ಥಾಪಿಸಿದರು. ಅದು ಇವತ್ತಿಗೂ ಇದೆ.

ಒಂದು ಸಾಮಾನ್ಯ ಸಭೆ ಇದನ್ನು ಹೇಗೆ ಮಾಡುತ್ತದೆ? ಹಸಿವಿನ ವಿರುದ್ಧ ಕೆಲಸ ಮಾಡಲು 1974ರಲ್ಲಿ ಶುರುವಾದ ಬ್ರೆಡ್ ಫಾರ್ ದ ವರ್ಲ್ಡ್ ಎಂಬ ಕ್ರೈಸ್ತ ಸಂಸ್ಥೆ ರೂಢಿಗೆ ತಂದ ಕ್ರಮ ನೋಡಿ. ಅದರ ಹೆಸರು ಪತ್ರಗಳ ಕಾಣಿಕೆ. ಭಾನುವಾರ ಆರಾಧನೆಗೆ ಬಂದವರು ತಮ್ಮ ಕ್ಷೇತ್ರದ ಪ್ರತಿನಿಧಿಗೆ ಕೂತು ಪತ್ರ ಬರೆಯುತ್ತಾರೆ. ಶಾಲಾ ಊಟದ ಯೋಜನೆಯೋ, ವಿದೇಶಿ ಆಹಾರ ನೆರವೋ, ಆ ವರ್ಷದ ವಿಷಯ ಯಾವುದೋ ಅದು. ಪತ್ರಗಳನ್ನು ಕಾಣಿಕೆಯ ಜೊತೆಗೇ ಮುಂದೆ ತಂದಿಟ್ಟು ಅವುಗಳ ಮೇಲೆ ಪ್ರಾರ್ಥನೆ ಮಾಡುತ್ತಾರೆ. ಆಮೇಲೆ ಅಂಚೆಗೆ ಹಾಕುತ್ತಾರೆ. ದುಡ್ಡು ಕೊಡುವುದೂ ಪತ್ರ ಬರೆಯುವುದೂ ಒಂದೇ ಭಕ್ತಿಯ ಎರಡು ಕೆಲಸ ಅಂತ ಮಾತಿಲ್ಲದೆ ಹೇಳುವ ಬಗೆ ಇದು. ಪತ್ರ ಯಾವ ಪಕ್ಷದ ಪ್ರತಿನಿಧಿಗೆ ಹೋಗುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ಆ ಕ್ಷೇತ್ರಕ್ಕೆ ಯಾರಿದ್ದಾರೋ ಅವರಿಗೆ.

ಇನ್ನು ಸ್ವಲ್ಪ ಗದ್ದಲದ ದಾರಿ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರದ ಪಶ್ಚಿಮ ಭಾಗದಲ್ಲಿ ಮೆಕ್ಸಿಕನ್ ಮೂಲದ ಬಡವರು ಜಾಸ್ತಿ. ಮಳೆ ಬಂದರೆ ಮನೆಯೊಳಗೆ ನೀರು. 1974ರಲ್ಲಿ ಅಲ್ಲಿನ ಕ್ಯಾಥೊಲಿಕ್ ಧರ್ಮಕೇಂದ್ರಗಳ ಜನ ಸೇರಿ ‘ಕಾಪ್ಸ್’ ಅನ್ನುವ ಸಂಘಟನೆ ಕಟ್ಟಿದರು. ಮುಂದೆ ನಿಂತವರಲ್ಲಿ ಬಹುಪಾಲು ಗೃಹಿಣಿಯರು, ಚರ್ಚ್‌ನ ಜಾತ್ರೆ, ಊಟದ ಮನೆ ನೋಡಿಕೊಂಡು ಬಂದವರು. ಅವರು ನಗರಸಭೆಯ ಹಳೆಯ ಕಡತ ತೆಗೆಸಿ ನೋಡಿದರು. ತಮ್ಮ ಬೀದಿಯ ಚರಂಡಿ ಕಾಮಗಾರಿಗೆ 1945ರಲ್ಲೇ ಮಂಜೂರಾತಿ ಸಿಕ್ಕಿತ್ತು! ಸುಮಾರು ಮೂವತ್ತು ವರ್ಷ ಅದು ಕಾಗದದಲ್ಲೇ ಉಳಿದಿತ್ತು. ನೂರಾರು ಜನ ಅಧಿಕಾರಿಗಳ ಎದುರು ನಿಂತು ಇದನ್ನು ಕೇಳಿದರು. ಅದೇ ವರ್ಷ ಚರಂಡಿ ಕಾಮಗಾರಿಗೆ ಕೋಟ್ಯಂತರ ಡಾಲರ್‌ಗಳ ಸಾಲಪತ್ರಕ್ಕೆ ನಗರ ಒಪ್ಪಿತು.

ಮುಂದಿನ ವರ್ಷ ನಗರದ ದೊಡ್ಡ ವ್ಯಾಪಾರಸ್ಥರು ತಮ್ಮ ಮಾತು ಕೇಳಲಿ ಅಂತ ಅವರು ಮಾಡಿದ್ದು ಇನ್ನೂ ಜಾಣತನದ್ದು. ಒಂದು ಗುಂಪು ಊರಿನ ದೊಡ್ಡ ಬ್ಯಾಂಕಿಗೆ ಹೋಗಿ ಸಾಲುಗಟ್ಟಿ ನಿಂತಿತು. ಡಾಲರ್ ಕೊಟ್ಟು ಪೆನ್ನಿ ಚಿಲ್ಲರೆ ತೆಗೆದುಕೊಂಡರು. ಆಮೇಲೆ ಮತ್ತೆ ಸಾಲಿನಲ್ಲಿ ನಿಂತು ಚಿಲ್ಲರೆ ಕೊಟ್ಟು ಡಾಲರ್ ತೆಗೆದುಕೊಂಡರು. ಇನ್ನೊಂದು ಗುಂಪು ಶ್ರೀಮಂತರ ಬಟ್ಟೆ ಅಂಗಡಿಗೆ ನುಗ್ಗಿ ಒಂದೊಂದೇ ಉಡುಪು ತೊಟ್ಟು ನೋಡಿತು, ಕೊಳ್ಳಲಿಲ್ಲ. ಕಾನೂನು ಎಲ್ಲೂ ಮುರಿಯಲಿಲ್ಲ. ವ್ಯಾಪಾರ ಮಾತ್ರ ನಿಂತೇ ಹೋಯಿತು.

ಕಾಪ್ಸ್‌ಗೆ ಒಂದು ನಿಯಮ ಇತ್ತು. ಯಾವ ಅಭ್ಯರ್ಥಿಗೂ ಬೆಂಬಲ ಘೋಷಿಸಬಾರದು. ಖಾಯಂ ಮಿತ್ರರಿಲ್ಲ, ಖಾಯಂ ಶತ್ರುಗಳಿಲ್ಲ ಎಂಬುದು ಅದರ ಮಾತೃಸಂಸ್ಥೆಯಲ್ಲಿ ರೂಢಿಯಲ್ಲಿದ್ದ ಮಾತು. ಎಲ್ಲ ಅಭ್ಯರ್ಥಿಗಳನ್ನೂ ವೇದಿಕೆಗೆ ಕರೆದು ನಮ್ಮ ಬೇಡಿಕೆಗೆ ಹೌದೋ ಅಲ್ಲವೋ ಅಂತ ಕೇಳುತ್ತಿದ್ದರು. ಯಾರು ಗೆದ್ದರೂ ಮರುದಿನ ಅವರ ಬಳಿ ಹೋಗಲು ದಾರಿ ತೆರೆದೇ ಇರುತ್ತಿತ್ತು. ಸುಮ್ನೆ ಒಳ್ಳೆಯತನಕ್ಕೆ ಮಾಡಿದ ನಿಯಮ ಅಲ್ಲ ಇದು. ಚೌಕಾಸಿಯ ಬಲ ಉಳಿಸಿಕೊಳ್ಳುವ ಲೆಕ್ಕಾಚಾರ.

ಬೆಲೆ ತೆತ್ತ ಸಭೆಗಳು

ಅಭ್ಯರ್ಥಿಯ ಹೆಸರೆತ್ತದ ರಾಜಕೀಯ ಅಂದರೆ ಅಪಾಯವಿಲ್ಲದ ರಾಜಕೀಯ ಅಂತ ಅಂದುಕೊಳ್ಳಬೇಡಿ. 1965ರ ಮಾರ್ಚ್ 7ರಂದು ಅಲಬಾಮಾ ರಾಜ್ಯದ ಸೆಲ್ಮಾದ ಬ್ರೌನ್ ಚಾಪೆಲ್ ಚರ್ಚ್‌ನಿಂದ ಸುಮಾರು 600 ಜನ ಕಪ್ಪು ಜನರ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟರು. ಊರ ಸೇತುವೆ ದಾಟುತ್ತಿದ್ದ ಹಾಗೆ ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ಮೇಲೆ ಬಿದ್ದರು. ಅದೇ ಆಗಸ್ಟ್ 6ರಂದು ಮತದಾನ ಹಕ್ಕು ಕಾಯಿದೆಗೆ ಸಹಿ ಬಿತ್ತು. ಸಹಿ ಹಾಕಿದ ಅಧ್ಯಕ್ಷರು ಯಾರು? ಇದೇ ಲಿಂಡನ್ ಜಾನ್ಸನ್.

ಇನ್ನೊಂದು ಉದಾಹರಣೆ ಅರಿಜೋನಾದ್ದು. ಎಲ್ ಸಾಲ್ವಡಾರ್, ಗ್ವಾಟೆಮಾಲಾಗಳ ಅಂತರ್ಯುದ್ಧದಿಂದ ಓಡಿಬಂದವರಿಗೆ ಅಮೆರಿಕ ಆಶ್ರಯ ಕೊಡುತ್ತಿದ್ದದ್ದು ತೀರಾ ಅಪರೂಪ. ಆ ಸರ್ಕಾರಗಳಿಗೆ ಅಮೆರಿಕವೇ ಬೆಂಬಲ ಕೊಡುತ್ತಿತ್ತು ನೋಡಿ. 1982ರ ಮಾರ್ಚ್ 24ರಂದು ಟೂಸಾನ್ ನಗರದ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಸಭೆ ನಮ್ಮ ಚರ್ಚ್ ಈ ನಿರಾಶ್ರಿತರ ಆಸರೆ ಅಂತ ಬಹಿರಂಗವಾಗಿ ಘೋಷಿಸಿತು. ಎರಡು ವರ್ಷದ ಹಿಂದೆ ಅದೇ ದಿನ ಸಾಲ್ವಡಾರ್‌ನ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರನ್ನು ಪೂಜೆ ಮಾಡುತ್ತಿದ್ದಾಗಲೇ ಗುಂಡಿಟ್ಟು ಕೊಂದಿದ್ದರು. ಸರ್ಕಾರ ಸಭೆಗಳೊಳಗೆ ಮಾಹಿತಿದಾರರನ್ನು ಕಳಿಸಿ ಮಾತುಗಳನ್ನು ಗುಟ್ಟಾಗಿ ರೆಕಾರ್ಡ್ ಮಾಡಿಸಿತು. 1986ರಲ್ಲಿ ಪಾಸ್ಟರ್ ಜಾನ್ ಫೈಫ್ ಸೇರಿ ಎಂಟು ಜನ ತಪ್ಪಿತಸ್ಥರಾದರು. ಜೈಲಾಗಲಿಲ್ಲ, ನಡತೆಯ ನಿಗಾ ಶಿಕ್ಷೆಯಾಯಿತು. ಆದರೆ ಚರ್ಚ್‌ಗಳೇ ಹೂಡಿದ್ದ ಇನ್ನೊಂದು ಕೇಸು 1991ರಲ್ಲಿ ರಾಜಿಯಾಗಿ, ಆ ಎರಡು ದೇಶದವರ ಆಶ್ರಯದ ಅರ್ಜಿಗಳನ್ನು ಹೊಸದಾಗಿ ಕೇಳಲು ಸರ್ಕಾರ ಒಪ್ಪಿತು.

ಈ ಎರಡು ಕಥೆಗಳಲ್ಲಿ ಪ್ರಸಂಗಪೀಠದಿಂದ ಒಬ್ಬ ಅಭ್ಯರ್ಥಿಗೂ ವೋಟು ಕೇಳಬೇಕಾಗಿ ಬರಲಿಲ್ಲ. ಆದರೂ ಒಂದರಲ್ಲಿ ಕಾನೂನು, ಇನ್ನೊಂದರಲ್ಲಿ ಸರ್ಕಾರದ ನಡೆ ಬದಲಾಯಿತು.

ಗೆರೆ ದಾಟಿದವರು, ದಾಟಿದರೋ ಇಲ್ಲವೋ ಗೊತ್ತಾಗದವರು

ಹಾಗಾದರೆ ಜಾನ್ಸನ್ ತಿದ್ದುಪಡಿಯ ಕತ್ತಿ ಎಷ್ಟು ಚರ್ಚ್‌ಗಳ ಮೇಲೆ ಬಿದ್ದಿದೆ? ಹುಡುಕಿದರೆ ಎಲ್ಲರೂ ಹೇಳುವುದು ಒಂದೇ ಹೆಸರು. ನ್ಯೂಯಾರ್ಕ್ ರಾಜ್ಯದ ಪಿಯರ್ಸ್ ಕ್ರೀಕ್ ಚರ್ಚ್. 1992ರ ಚುನಾವಣೆಗೆ ನಾಲ್ಕು ದಿನ ಮೊದಲು ಅದು ಎರಡು ದೊಡ್ಡ ಪತ್ರಿಕೆಗಳಲ್ಲಿ ಪುಟ ತುಂಬ ಜಾಹೀರಾತು ಕೊಟ್ಟು, ಕ್ರೈಸ್ತರು ಬಿಲ್ ಕ್ಲಿಂಟನ್‌ಗೆ ವೋಟು ಹಾಕುವುದು ಹೇಗೆ ಸಾಧ್ಯ ಅಂತ ಕೇಳಿತು. ಕೆಳಗೆ ಇನ್ನೊಂದು ಸಾಲು ಇತ್ತು. ಈ ಜಾಹೀರಾತಿಗೆ ದಾನ ಕೊಡಿ, ತೆರಿಗೆ ರಿಯಾಯಿತಿ ಸಿಗುತ್ತದೆ. 1995ರಲ್ಲಿ ಐಆರ್‌ಎಸ್ ಅದರ ವಿನಾಯಿತಿ ಕಿತ್ತುಕೊಂಡಿತು. 2000ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬೇಕಿದ್ದರೆ ಬೇರೆ ಬಗೆಯ ಸಂಸ್ಥೆ ಕಟ್ಟಿ, ಬೇರೆ ದುಡ್ಡಿನಲ್ಲಿ ಇದೇ ಮಾತು ಹೇಳಬಹುದಲ್ಲ ಅಂತ ಕೋರ್ಟ್ ದಾರಿಯನ್ನೂ ತೋರಿಸಿತು.

ಇದು ಸುಲಭದ ಕೇಸು. ಕಷ್ಟದ್ದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಆಯಿತು. 2004ರ ಚುನಾವಣೆಯ ಹಿಂದಿನ ಭಾನುವಾರ, ಆಲ್ ಸೇಂಟ್ಸ್ ಚರ್ಚ್‌ನ ನಿವೃತ್ತ ಗುರು ಜಾರ್ಜ್ ರೀಗಸ್ ಒಂದು ಕಲ್ಪನೆಯ ಪ್ರಸಂಗ ಮಾಡಿದರು. ಯೇಸು ಬಂದು, ಆ ಚುನಾವಣೆಯ ಅಭ್ಯರ್ಥಿಗಳಾದ ಬುಷ್ ಮತ್ತು ಕೆರಿ ಜೊತೆ ಚರ್ಚೆಗೆ ಕೂತರೆ? ಒಳ್ಳೆಯ ವಿಶ್ವಾಸಿಗಳು ಇಬ್ಬರಲ್ಲಿ ಯಾರಿಗಾದರೂ ವೋಟು ಹಾಕಬಹುದು ಅಂತ ಮೊದಲೇ ಹೇಳಿಯೇ ಶುರು ಮಾಡಿದ್ದರು. ಆದರೆ ಪ್ರಸಂಗದ ಯೇಸು ಇರಾಕ್ ಯುದ್ಧದ ನೀತಿಯನ್ನು ಬಿಡಿಬಿಡಿಯಾಗಿ ಖಂಡಿಸಿದ. 2005ರಲ್ಲಿ ಐಆರ್‌ಎಸ್ ಪತ್ರ ಬಂತು. ಚರ್ಚ್ ದಾಖಲೆ ಕೊಡಲು ಒಪ್ಪಲಿಲ್ಲ. 2007ರಲ್ಲಿ ಇಲಾಖೆ, ಆ ಪ್ರಸಂಗ ಚುನಾವಣೆಯಲ್ಲಿ ಕೈ ಹಾಕಿದ ಹಾಗೇ ಅಂತ ಹೇಳಿ, ದಂಡವೂ ಇಲ್ಲದೆ ಕಡತ ಮುಚ್ಚಿತು. ಯಾವ ಮಾತು ತಪ್ಪು? ಬಿಡಿಸಿ ಹೇಳಲಿಲ್ಲ.

ಇದು ಎಡಪಂಥೀಯ ಒಲವಿನ ಚರ್ಚ್ ಎಂಬುದನ್ನು ಗಮನಿಸಿ. ಪಿಯರ್ಸ್ ಕ್ರೀಕ್ ಬಲಪಂಥೀಯ. ನಿಯಮ ಮಬ್ಬಾಗಿದ್ದರೆ ಯಾವ ಕಡೆಯವರಿಗೂ ನೆಮ್ಮದಿ ಇರುವುದಿಲ್ಲ.

ಆಮೇಲೆ ಐಆರ್‌ಎಸ್ ಹೆಚ್ಚುಕಮ್ಮಿ ಕೈಕಟ್ಟಿ ಕೂತಿತು. 1984ರ ಕಾನೂನಿನ ಪ್ರಕಾರ ಚರ್ಚ್‌ನ ತನಿಖೆಗೆ ಹಿರಿಯ ಅಧಿಕಾರಿಯ ಒಪ್ಪಿಗೆ ಬೇಕು. 2009ರಲ್ಲಿ ಮಿನೆಸೋಟದ ಒಂದು ಕೋರ್ಟ್, ಒಪ್ಪಿಗೆ ಕೊಟ್ಟ ಅಧಿಕಾರಿ ಅಷ್ಟು ಹಿರಿಯರಲ್ಲ ಅಂತ ತನಿಖೆಯನ್ನೇ ತಡೆಯಿತು. ಅದಕ್ಕೂ ಮೊದಲೇ, 2008ರಲ್ಲಿ, 33 ಪಾಸ್ಟರ್‌ಗಳು ಒಂದೇ ದಿನ ಬೇಕೆಂತಲೇ ಅಭ್ಯರ್ಥಿಗಳ ಹೆಸರೆತ್ತಿ ಪ್ರಸಂಗ ಮಾಡಿ, ನಮ್ಮ ಮೇಲೆ ಕೇಸು ಹಾಕಿ ನೋಡೋಣ ಅಂತ ಸವಾಲು ಹಾಕಿದ್ದರು. ಅವರು ಬಯಸಿದ ಕೇಸು ಸಿಗಲಿಲ್ಲ.

ಯಾರ ವಾದ ಏನು

ತಿದ್ದುಪಡಿ ಹೋಗಲಿ ಅನ್ನುವವರ ವಾದ ಪೊಳ್ಳಲ್ಲ. ಪ್ರಸಂಗದಲ್ಲಿ ಪಾಸ್ಟರ್ ಏನು ಹೇಳಬೇಕು ಅಂತ ತೆರಿಗೆ ಅಧಿಕಾರಿ ತೀರ್ಮಾನಿಸುವುದು ಯಾವ ನ್ಯಾಯ? ಪ್ಯಾಸಡೀನಾದ ಕೇಸೇ ಇದಕ್ಕೆ ಒಳ್ಳೆಯ ಸಾಕ್ಷಿ. ಜಾರಿಗೆ ತರದ ನಿಯಮ ಧೈರ್ಯಸ್ಥರನ್ನು ಬಿಟ್ಟು ಅಂಜುಬುರುಕರನ್ನಷ್ಟೇ ಕಟ್ಟಿಹಾಕುತ್ತದೆ. ಲಾಭರಹಿತ ಪತ್ರಿಕೆಗಳು ಅಭ್ಯರ್ಥಿಗಳ ಪರ ಬರೆದರೂ ಇಲಾಖೆ ಸುಮ್ಮನಿದೆ ಎಂಬ ದೂರು ಬೇರೆ.

ಎದುರು ಕಡೆಯವರಲ್ಲಿ ಬರೀ ಜಾತ್ಯತೀತವಾದಿಗಳಿದ್ದಾರೆ ಅಂದುಕೊಂಡರೆ ತಪ್ಪು. ಅರ್ಜಿ ಸಲ್ಲಿಕೆಯಾದ ಬೆನ್ನಿಗೇ ಅಮೆರಿಕದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ, ಅಭ್ಯರ್ಥಿಗಳನ್ನು ಬೆಂಬಲಿಸುವುದೂ ಇಲ್ಲ, ವಿರೋಧಿಸುವುದೂ ಇಲ್ಲ ಎಂಬ ತಮ್ಮ ನಿಲುವು ಬದಲಾಗಿಲ್ಲ ಅಂತ ಹೇಳಿತು. ಇದೇ ಬಿಷಪ್‌ಗಳು ಗರ್ಭಪಾತದ ಬಗ್ಗೆ, ವಲಸಿಗರ ಬಗ್ಗೆ ಗಂಟಲು ಹರಿಯುವಷ್ಟು ಮಾತಾಡುವವರು. ದನಿ ಬೇಕು, ಅಭ್ಯರ್ಥಿ ಬೇಡ. ಜನರ ಮನಸ್ಸೂ ಬಹುತೇಕ ಹೀಗೇ ಇದೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2022ರ ಸಮೀಕ್ಷೆಯಲ್ಲಿ ಚರ್ಚ್‌ಗಳು ಅಭ್ಯರ್ಥಿಗಳಿಗೆ ಬೆಂಬಲ ಘೋಷಿಸಬಾರದು ಅಂದವರು ಶೇ 77.

ದುಡ್ಡು ಹರಿಯುವ ದಾರಿ

ಈ ಗಲಾಟೆಯಲ್ಲಿ ಕಡಿಮೆ ಚರ್ಚೆಯಾದ, ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಸಂಗತಿ ಲೆಕ್ಕಪತ್ರದ್ದು. ಅಭ್ಯರ್ಥಿಯ ಪ್ರಚಾರಕ್ಕೆ ಕೊಟ್ಟ ದುಡ್ಡಿಗೆ ಅಮೆರಿಕದಲ್ಲಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಚರ್ಚ್‌ಗೆ ಕೊಟ್ಟದ್ದಕ್ಕೆ ಸಿಗುತ್ತದೆ. ಬೇರೆ ದತ್ತಿ ಸಂಸ್ಥೆಗಳು ಪ್ರತಿವರ್ಷ ತಮ್ಮ ಆದಾಯ, ಖರ್ಚು, ಸಂಬಳಗಳ ವಿವರವನ್ನು ಐಆರ್‌ಎಸ್‌ಗೆ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ಚರ್ಚ್‌ಗಳಿಗೆ ಆ ಕಟ್ಟುಪಾಡಿಲ್ಲ. ವಿನಾಯಿತಿಗೆ ಅರ್ಜಿ ಹಾಕುವ ಅಗತ್ಯವೂ ಇಲ್ಲ.

ಈಗ ಮೂರನ್ನೂ ಕೂಡಿಸಿ. ಅರ್ಜಿಯ ಪ್ರಕಾರ ಚರ್ಚ್ ಅಭ್ಯರ್ಥಿಯ ಪರ ಮಾತಾಡಬಹುದು. ಚರ್ಚ್‌ಗೆ ಕೊಟ್ಟ ದುಡ್ಡಿಗೆ ತೆರಿಗೆ ರಿಯಾಯಿತಿ ಇದೆ. ದುಡ್ಡು ಯಾರು ಕೊಟ್ಟರು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಪ್ರಚಾರಕ್ಕೆ ದುಡ್ಡು ಸುರಿಯುವ ಶ್ರೀಮಂತನಿಗೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿದೆ? ಪಿಯರ್ಸ್ ಕ್ರೀಕ್‌ನ ಜಾಹೀರಾತು ಕೇಳಿದ್ದೂ ಇದನ್ನೇ. ಹೊಸ ಅರ್ಜಿ ಪತ್ರಿಕೆ ಜಾಹೀರಾತಿಗೆ ಬಾಗಿಲು ತೆರೆದಿಲ್ಲ, ನಿಜ. ಸಭೆಗೆ ಹೇಳುವ ಮಾತಿಗಷ್ಟೇ ತೆರೆದಿದೆ. ಆದರೆ ಬಾಗಿಲು ಅಲ್ಲೇ ನಿಲ್ಲುತ್ತದೆ ಅನ್ನುವ ಖಾತ್ರಿ ಎಲ್ಲಿಂದ ಬರಬೇಕು?

ಸಭೆಯೊಳಗೆ ಬೀಳುವ ಬಿರುಕು

ಇನ್ನೊಂದು ಪರಿಣಾಮ ಲೆಕ್ಕಕ್ಕೆ ಸಿಗದ್ದು. ಇಷ್ಟು ದಿನ ಒಬ್ಬ ಅಭ್ಯರ್ಥಿಯೋ, ದೊಡ್ಡ ಕಾಣಿಕೆ ಕೊಡುವ ಸದಸ್ಯರೋ ಪಾಸ್ಟರ್ ಬಳಿ ಬಂದು ನಮ್ಮವರ ಪರವಾಗಿ ಎರಡು ಮಾತು ಹೇಳಿ ಅಂದರೆ, ಕಾನೂನು ಬಿಡುವುದಿಲ್ಲ ಸರ್ ಅಂತ ಜಾರಿಕೊಳ್ಳಬಹುದಿತ್ತು. ಈ ನೆಪ ಹೋದರೆ, ಒಲ್ಲೆ ಅನ್ನುವುದು ಅವರ ಸ್ವಂತ ತೀರ್ಮಾನ ಆಗುತ್ತದೆ. ಆಗ ಹೌದು ಅಂದರೂ ಮುನಿಸು, ಇಲ್ಲ ಅಂದರೂ ಮುನಿಸು.

ಸಭೆಯಲ್ಲಿ ಎರಡೂ ಪಕ್ಷದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಶಾಲಾ ಊಟದ ಬಗ್ಗೆ, ಬಡ್ಡಿ ವ್ಯಾಪಾರದ ಬಗ್ಗೆ, ಜೈಲುಗಳ ಬಗ್ಗೆ ಅವರು ಒಟ್ಟಿಗೆ ಪತ್ರ ಬರೆಯಬಲ್ಲರು. ಒಬ್ಬ ಅಭ್ಯರ್ಥಿಯ ಹೆಸರು ಬಂದ ಕೂಡಲೇ ಬೆಂಚು ಇಬ್ಭಾಗ ಆಗುತ್ತದೆ. ಅರ್ಧ ಸಭೆ ಎದ್ದು ಹೋದ ಮೇಲೆ ಉಳಿದ ಅರ್ಧದ ಪತ್ರಕ್ಕೆ ಪ್ರತಿನಿಧಿ ಎಷ್ಟು ಬೆಲೆ ಕೊಟ್ಟಾರು? ತನ್ನ ಪಕ್ಷದವರು ಅಂತ ಗೊತ್ತಿದ್ದರೆ ಹೇಗೂ ವೋಟು ಬರುತ್ತದೆ ಅಂತ ಪಕ್ಕಕ್ಕಿಡುತ್ತಾರೆ. ಎದುರು ಪಕ್ಷದವರಾದರೆ ಓದುವುದೇ ಇಲ್ಲ. ಕಾಪ್ಸ್‌ನ ಗೃಹಿಣಿಯರಿಗೆ ಐವತ್ತು ವರ್ಷದ ಹಿಂದೆಯೇ ತಿಳಿದಿದ್ದ ಲೆಕ್ಕ ಇದು.

ಇನ್ನೂ ಬಗೆಹರಿಯದ ಪ್ರಶ್ನೆಗಳು

ದನಿ ಎತ್ತುವ ಕೆಲಸ ಈ ನಡುವೆ ಬೇರೆ ಕಡೆ ನಡೆದೇ ಇದೆ. 2025ರ ಜನವರಿಯಲ್ಲಿ ಸರ್ಕಾರ, ಚರ್ಚ್, ಶಾಲೆ, ಆಸ್ಪತ್ರೆಗಳ ಬಳಿ ವಲಸಿಗರನ್ನು ಬಂಧಿಸಲು ಇದ್ದ ಮಿತಿಯನ್ನು ತೆಗೆದುಹಾಕಿತು. ಕ್ವೇಕರರು, ಬ್ಯಾಪ್ಟಿಸ್ಟರ ಒಂದು ಒಕ್ಕೂಟ, ಒಂದು ಸಿಖ್ ಗುರುದ್ವಾರ ಸೇರಿ ಮೇರಿಲ್ಯಾಂಡ್‌ನಲ್ಲಿ ಕೇಸು ಹಾಕಿದವು. ಫೆಬ್ರವರಿಯಲ್ಲಿ ನ್ಯಾಯಾಧೀಶರು ತಡೆ ಕೊಟ್ಟರು, ಆದರೆ ಕೇಸು ಹಾಕಿದವರ ಜಾಗಗಳಿಗೆ ಮಾತ್ರ. ಇಂಥದ್ದೇ ಇನ್ನೊಂದು ಕೇಸಿನಲ್ಲಿ, ಏಪ್ರಿಲ್‌ನಲ್ಲಿ, ವಾಷಿಂಗ್ಟನ್‌ನ ನ್ಯಾಯಾಧೀಶರು ತಡೆ ಕೊಡಲಿಲ್ಲ. ಇದೂ ಶುದ್ಧ ರಾಜಕೀಯವೇ. ಜಾನ್ಸನ್ ತಿದ್ದುಪಡಿಗೂ ಇದಕ್ಕೂ ಸಂಬಂಧ ಇಲ್ಲ.

ಅಭ್ಯರ್ಥಿಗಳ ವಿಷಯದಲ್ಲಿ ಮಾತ್ರ ಅರ್ಜಿಯ ಪದಗಳೇ ಮುಂದಿನ ಜಗಳಕ್ಕೆ ಬೀಜ. ತನ್ನ ಸಭೆ ಅಂದರೆ ಯಾರು? ಭಾನುವಾರದ ಪ್ರಸಂಗವನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡಿದರೆ, ಬೇರೆ ರಾಜ್ಯದಲ್ಲಿ ಕೂತು ನೋಡಿದವರೂ ಸಭೆಯವರೇ? ಪ್ರಸಂಗದ 30 ಸೆಕೆಂಡಿನ ತುಣುಕನ್ನು ಅಭ್ಯರ್ಥಿ ತನ್ನ ಜಾಹೀರಾತಿಗೆ ಹಾಕಿಕೊಂಡರೆ ಅದು ಯಾರ ಮಾತು? ಮಸೀದಿಗೂ ಯಹೂದಿಗಳ ಸಿನಗಾಗ್‌ಗೂ ಇದೇ ಸಡಿಲಿಕೆ ಸಿಗುತ್ತದೆ ಅನ್ನೋಣ. ಬಡವರಿಗೆ ಊಟ ಹಾಕುವ, ಧರ್ಮಕ್ಕೆ ಸೇರದ ದತ್ತಿ ಸಂಸ್ಥೆಗೆ ಯಾಕಿಲ್ಲ? 2026ರ ನವೆಂಬರ್ 3ರ ಮಧ್ಯಂತರ ಚುನಾವಣೆಯ ಹೊತ್ತಿಗೆ ಪ್ರತಿ ಸಭೆಯ ಆಡಳಿತ ಮಂಡಳಿಯೂ ಈ ಪ್ರಶ್ನೆಗಳಿಗೆ ತನ್ನದೇ ಉತ್ತರ ಇಟ್ಟುಕೊಂಡಿರಬೇಕಾಗುತ್ತದೆ. ಇಲಾಖೆಯ ನಿಲುವು ಒಂದು ಸರ್ಕಾರದಿಂದ ಇನ್ನೊಂದಕ್ಕೆ ಹೇಗೆ ತಿರುಗುತ್ತದೆ ಅಂತ ಈ ಕೇಸೇ ತೋರಿಸಿದೆ. ಹಾಗಾಗಿ ಇವತ್ತಿನ ಸಡಿಲಿಕೆಯನ್ನು ನಂಬಿ ಅಭ್ಯರ್ಥಿಯ ಹೆಸರೆತ್ತಿದ ಚರ್ಚ್, ಮುಂದಿನ ಸರ್ಕಾರದ ಐಆರ್‌ಎಸ್‌ನಿಂದ ಪತ್ರ ಬಂದರೆ ಏನು ಉತ್ತರ ಕೊಡಬೇಕು ಅಂತ ಈಗಲೇ ತನ್ನ ವಕೀಲರನ್ನು ಕೇಳಿಟ್ಟುಕೊಳ್ಳುವುದು ಒಳ್ಳೆಯದು.